ಕಲ್ಯಾಣದುರ್ಗದಲ್ಲೇ ನಿಂತಿದ್ದ ಗಾಡಿ

ಮುತ್ಯಾಲಪ್ಪ ಹಿಂದೂಪುರದಲ್ಲಿ ಆಂಬುಲೆನ್ಸ್ ಓಡಿಸಿದಷ್ಟು ವರ್ಷವೂ ಯಾರನ್ನೂ ದಾರಿ ಕೇಳಿದವನಲ್ಲ. ಹುಟ್ಟಿದ್ದು ಗೋರಂಟ್ಲದ ಹತ್ತಿರದ ಹಳ್ಳಿ. ಮೀಸೆ ಮೂಡುವ ಮೊದಲೇ ಟ್ರ್ಯಾಕ್ಟರಿನ ಸ್ಟೇರಿಂಗ್ ಹಿಡಿದ. ಆಮೇಲೆ ಪೆನುಕೊಂಡದ ಹತ್ತಿರ ಕಾರು ಕಾರ್ಖಾನೆ ಬಂದಾಗ ಅಲ್ಲಿಗೆ ಕೆಲಸಗಾರರನ್ನು ಕರೆದೊಯ್ಯುವ ಬಸ್ಸು ಓಡಿಸಿದ. ನಲವತ್ತರ ಹೊತ್ತಿಗೆ ಆಂಬುಲೆನ್ಸಿಗೆ ಬಂದ. ಯಾವ ಗಲ್ಲಿಯಲ್ಲಿ ಗಾಡಿ ತಿರುಗುತ್ತದೆ, ಯಾವ ಊರಿನ ಮೋರಿ ಒಡೆದಿದೆ ಎಂಬುದೆಲ್ಲ ಅವನಿಗೆ ಬಾಯಿಪಾಠವಾಗಿತ್ತು. ಹೆಂಡತಿ ಮುನೆಮ್ಮ ರೇಷ್ಮೆಗೂಡಿನ ಮಾರುಕಟ್ಟೆಯ ಪಕ್ಕ ಸಣ್ಣ ಟಿಫನ್ ಅಂಗಡಿ ಇಟ್ಟಿದ್ದಳು. ಸೈರನ್ ಹಾಕಿಕೊಂಡು ಗಂಡ ಆ ದಾರಿಯಲ್ಲಿ ಹೋದಾಗಲೆಲ್ಲ ಆಕೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದವಳು ಹಾಗೇ ನಿಂತು, ಒಳಗಿರುವ ಜೀವ ಯಾರದ್ದೋ ಏನೋ, ಉಳಿಯಲಿ ಎಂದುಕೊಳ್ಳುತ್ತಿದ್ದಳು.

ಹೋದ ವರ್ಷ ಆಂಬುಲೆನ್ಸುಗಳ ಗುತ್ತಿಗೆ ಬೇರೆ ಕಂಪನಿಗೆ ಹೋಯಿತು. ಹೊಸ ಕಂಪನಿಯವರು ಡ್ರೈವರುಗಳನ್ನು ಅಲ್ಲಿಂದಿಲ್ಲಿಗೆ ಎತ್ತಿ ಹಾಕಿದರು. ಮುತ್ಯಾಲಪ್ಪನಿಗೆ ಕಲ್ಯಾಣದುರ್ಗ ಬಂತು.

"ಆ ಕಡೆ ದಾರಿ ನಂಗೊಂದೂ ಗೊತ್ತಿಲ್ಲ ಸಾರ್," ಎಂದ.

ಮ್ಯಾನೇಜರ್ ನಕ್ಕ. "ಗಾಡಿಯಲ್ಲಿ ಟ್ಯಾಬ್ ಇದೆ. ಕಾಲ್ ಬಂದ ತಕ್ಷಣ ಮ್ಯಾಪ್ ಅದೇ ಹಾಕ್ಕೊಳ್ಳುತ್ತೆ. ಬಾಣ ಹೋದ ಕಡೆ ನೀವು ಹೋಗಿ, ಅಷ್ಟೇ."

ಗಾಡಿಯಲ್ಲಿ ರೋಗಿಯನ್ನು ನೋಡಿಕೊಳ್ಳುವ ಟೆಕ್ನಿಷಿಯನ್ ಆಗಿ ಬಂದವಳು ಭಾರ್ಗವಿ. ಪೆನುಕೊಂಡದ ಹುಡುಗಿ, ಹಿಂದೂಪುರದಲ್ಲಿ ಬಿ.ಎಸ್ಸಿ. ಓದಿದವಳು. ಅವಳಿಗೂ ಕಲ್ಯಾಣದುರ್ಗ ಹೊಸದು. ಆಸ್ಪತ್ರೆಯ ಎದುರಿನ ಬೇವಿನ ಮರದ ಕೆಳಗೆ ಅವರ ಸ್ಟ್ಯಾಂಡು. ಸುತ್ತ ಬೋಳು ಗುಡ್ಡಗಳು, ಗುಡ್ಡದ ಮೇಲೆ ಗಾಳಿಯಂತ್ರಗಳು. ಮೊದಲ ಕೆಲವು ದಿನ ಎಲ್ಲವೂ ಸರಿಯಾಗಿಯೇ ನಡೆಯಿತು. ಬಾಣ ಹೋದ ಕಡೆ ಇವನು ಹೋದ.

ಕಡಲೇಕಾಯಿ ಕೀಳುವ ಕಾಲ. ಒಂದು ಮಧ್ಯಾಹ್ನ ಕಂಬದೂರಿನ ಆಚೆಯ ಹಟ್ಟಿಯೊಂದರಿಂದ ಕರೆ ಬಂತು. ಹರಿತಾ ಎಂಬ ಹುಡುಗಿ ಕಿತ್ತು ಒಟ್ಟಿದ್ದ ಬಳ್ಳಿಯ ಮೆದೆಗೆ ಕೈ ಹಾಕಿದಾಗ ನಾಗರಹಾವು ಕಚ್ಚಿತ್ತು. ಅವಳು ಹಿಂದೂಪುರದ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ ಮಾಡುವವಳು, ಕಾಯಿ ಕೀಳಲು ಕೈ ಸಾಲದೆಂದು ರಜೆ ಹಾಕಿ ಬಂದಿದ್ದಳು. ಅಪ್ಪ ಪಾಪಯ್ಯ ಮೊದಲು ಮೋಟರ್‌ಬೈಕಿನಲ್ಲಿ ಕೂರಿಸಿಕೊಂಡು ಹೊರಟೇಬಿಟ್ಟಿದ್ದ. ಕಂಟ್ರೋಲ್ ರೂಮಿನಿಂದ ಮಾತಾಡಿದವರು, ಹುಡುಗಿಯನ್ನು ಅಲುಗಾಡಿಸಬೇಡಿ, ಮಲಗಿಸಿ, ಗಾಡಿ ಬರುತ್ತಿದೆ ಎಂದರು. ಅವನು ಬೈಕು ನಿಲ್ಲಿಸಿ ಮಗಳನ್ನು ಜಗುಲಿಯ ಮೇಲೆ ಮಲಗಿಸಿದ.

ಇತ್ತ ಮುತ್ಯಾಲಪ್ಪ ಸೈರನ್ ಹಾಕಿ ಹೊರಟ. ಟ್ಯಾಬಿನಲ್ಲಿ ದಾರಿ ಬಂತು, ಆದರೆ ಬಾಣ ಮಾತ್ರ ಬೇವಿನ ಮರದ ಕೆಳಗೇ ನಿಂತಿತ್ತು. ಊರು ದಾಟಿದರೂ ಕದಲಲಿಲ್ಲ. ಭಾರ್ಗವಿ ಟ್ಯಾಬನ್ನು ಆರಿಸಿ ಮತ್ತೆ ಹಚ್ಚಿದಳು. ಅವಳ ಮೊಬೈಲಿನ ಮ್ಯಾಪೂ ಹಾಗೇ. ಕಂಟ್ರೋಲ್ ರೂಮಿಗೆ ಫೋನ್ ಮಾಡಿದರೆ ಆ ಕಡೆಯ ದನಿ ತೆಲುಗಿನಲ್ಲಿ ಸಿಡುಕಿತು: "ಮೀ ಬಂಡಿ ಸ್ಟ್ಯಾಂಡ್‌ಲೋನೇ ಉಂದಿ ಕದಾ! ಇಂಕಾ ಬಯಲುದೇರಲೇದಾ?"

"ಗಾಡಿ ಸ್ಟ್ಯಾಂಡಲ್ಲೇ ಐತೆ, ಇನ್ನೂ ಹೊರಟಿಲ್ವಾ ಅಂತಾರೆ ಕಣಣ್ಣ," ಎಂದಳು ಭಾರ್ಗವಿ, ಅವನಿಗೆ ತೆಲುಗು ಬಾರದೇನೋ ಎಂಬಂತೆ. ಗಾಬರಿಯಲ್ಲಿ ಅವಳಿಗೆ ಏನು ಹೇಳುತ್ತಿದ್ದೇನೆಂಬುದೇ ಗೊತ್ತಿರಲಿಲ್ಲ.

"ಹುಡುಗಿ ಮನೆಯೋರಿಗೆ ಮಾಡು," ಎಂದ ಮುತ್ಯಾಲಪ್ಪ.

ಪಾಪಯ್ಯನ ಫೋನು ಸಿಗಲಿಲ್ಲ. ಗಾಡಿ ಎಲ್ಲಿ, ಗಾಡಿ ಎಲ್ಲಿ ಎಂದು ಅವನು ಬಿಡದೆ ಕಂಟ್ರೋಲ್ ರೂಮಿಗೇ ಮಾಡುತ್ತಿದ್ದ.

ಮುಂದೆ ಒಂದು ಜಲ್ಲಿ ಟಿಪ್ಪರ್ ಹೋಗುತ್ತಿತ್ತು, ಖಾಲಿ. ಅದರ ಧೂಳಿನಲ್ಲೇ ಇವರ ಗಾಡಿ. ಕಂಬದೂರು ದಾಟಿ ಸ್ವಲ್ಪ ದೂರಕ್ಕೆ ರಸ್ತೆ ಕವಲೊಡೆಯಿತು. ಬೋರ್ಡು ಇರಬೇಕಾದ ಕಡೆ ಬರೀ ಕಂಬ. ಊರವರೆಲ್ಲ ಹೊಲದಲ್ಲಿದ್ದರು, ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ಟಿಪ್ಪರ್ ಎಡಕ್ಕೆ ಹೊರಳಿತು. ಅಷ್ಟು ದೊಡ್ಡ ಗಾಡಿ ಹೋಗುವ ದಾರಿಯೇ ಊರಿನ ದಾರಿಯಿರಬೇಕು ಎಂದು ಮುತ್ಯಾಲಪ್ಪನೂ ಎಡಕ್ಕೆ ತಿರುಗಿಸಿದ.

ಆ ದಾರಿ ಹೋಗುತ್ತಿದ್ದುದು ಕಲ್ಲು ಕ್ರಷರಿಗೆ. ನಡುದಾರಿಯಲ್ಲಿ ಸಿಕ್ಕ ಕುರಿಯವನೊಬ್ಬ, "ಹಟ್ಟಿ ಈ ಕಡೆ ಅಲ್ಲಪ್ಪೋ, ಹಿಂದೆಗಡೆ ಬಲಕ್ಕೆ," ಎಂದು ಕೋಲು ಎತ್ತಿ ತೋರಿಸಿದ. ಟಿಪ್ಪರ್ ಮುಂದೆ ಹೋಗಿ ಗುಡ್ಡದ ಮರೆಯಾಯಿತು. ಇವನು ಗಾಡಿ ತಿರುಗಿಸಿ ಒಂದಿಷ್ಟು ದೂರ ಬಂದಿರಬೇಕು, ಟ್ಯಾಬಿನ ಬಾಣ ಒಮ್ಮೆಲೇ ಜಿಗಿದು ಸರಿಯಾದ ಜಾಗಕ್ಕೆ ಬಂದು ಕೂತಿತು. ಆಗ ಅದನ್ನು ನೋಡುವ ತಾಳ್ಮೆಯೂ ಅವನಿಗೆ ಉಳಿದಿರಲಿಲ್ಲ.

ಹಟ್ಟಿ ಮುಟ್ಟಿದಾಗ ಹರಿತಾಳ ರೆಪ್ಪೆಗಳು ಜೋತುಬಿದ್ದಿದ್ದವು, ಮಾತು ತೊದಲುತ್ತಿತ್ತು. ಹಿಂದಕ್ಕೆ ಬರುವಾಗ ನಡುದಾರಿಯಲ್ಲಿ ಉಸಿರು ಸೋಲತೊಡಗಿತು, ಅಲ್ಲಿಂದ ಭಾರ್ಗವಿ ಬಾಯಿಗೆ ಗಾಳಿ ತುಂಬುವ ರಬ್ಬರ್ ಚೀಲ ಹಿಡಿದು ಒತ್ತುತ್ತಲೇ ಬಂದಳು. ಆಸ್ಪತ್ರೆಯ ಬಾಗಿಲಲ್ಲಿ ಡಾಕ್ಟರು ಗಾಡಿಯೊಳಗೇ ಹತ್ತಿ ನೋಡಿ, ಕೆಳಗಿಳಿದು, ತಲೆ ಅಲ್ಲಾಡಿಸಿದರು.

ಪಾಪಯ್ಯ ಅಳಲಿಲ್ಲ. ಬಂದು ಮುತ್ಯಾಲಪ್ಪನ ಅಂಗಿಯ ಕಾಲರು ಹಿಡಿದ. "ಗಾಡಿ ಕದ್ಲೇ ಇಲ್ಲ ಅಂದ್ರು ಫೋನಾಗೆ. ಎಲ್ಲಿ ಮಲಗಿದ್ದೆ ನೀನು? ಬೈಕಲ್ಲಿ ನಾನೇ ಕರ್ಕೊಂಬಂದ್ಬುಡ್ತಿದ್ನಲ್ಲೋ!"

ಮುತ್ಯಾಲಪ್ಪ ಬಿಡಿಸಿಕೊಳ್ಳಲಿಲ್ಲ.

ಕಂಪನಿಯ ವಿಚಾರಣೆ ಒಂದೇ ಬೈಠಕ್ಕಿನಲ್ಲಿ ಮುಗಿಯಿತು. ಮ್ಯಾನೇಜರ್ ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದ. ಕೆಂಪು ಚುಕ್ಕೆಯೊಂದು ಸ್ಟ್ಯಾಂಡಿನಲ್ಲೇ ನಿಂತಿತ್ತು. ಬಹಳ ಹೊತ್ತಾದ ಮೇಲೆ ಒಮ್ಮೆಲೇ ಕ್ರಷರ್ ದಾರಿಯಲ್ಲಿ ಕಾಣಿಸಿಕೊಂಡಿತು.

"ವೈರ್ ಕಿತ್ತು ಎಲ್ಲೋ ಬೇರೆ ಕೆಲಸಕ್ಕೆ ಹೋಗಿದ್ದೀರಿ. ಆಮೇಲೆ ಹಾಕಿದ್ದೀರಿ. ಮೆಷಿನ್ ಸುಳ್ಳು ಹೇಳುತ್ತಾ?"

"ನಾನಿದ್ದೆ ಸಾರ್ ಗಾಡೀಲಿ," ಎಂದಳು ಭಾರ್ಗವಿ.

"ಅದಕ್ಕೇ ನಿಮಗೂ ವಾರ್ನಿಂಗ್. ಇನ್ನೊಂದು ಮಾತಾಡಿದರೆ ಅದೂ ಇರಲ್ಲ."

ಮುತ್ಯಾಲಪ್ಪನನ್ನು ಕೆಲಸದಿಂದ ತೆಗೆದರು. ಹಿಂದೂಪುರಕ್ಕೆ ಬಂದವನು ಮುನೆಮ್ಮನ ಅಂಗಡಿಯ ಹಿಂದಿನ ಬೆಂಚಿನ ಮೇಲೆ ಕೂತರೆ ಕೂತೇ ಇರುತ್ತಿದ್ದ. ರಸ್ತೆಯಲ್ಲಿ ಸೈರನ್ ಕೇಳಿದರೆ ಎದ್ದು ಒಳಗೆ ಹೋಗುತ್ತಿದ್ದ. ಗಿರಾಕಿಯೊಬ್ಬ, "ಏನಪ್ಪ, ಹೆಣ ಮಾಡ್ಬುಟ್ಟು ಬಂದ್ಯಂತೆ," ಎಂದಾಗ ಮುನೆಮ್ಮ ಅವನ ತಟ್ಟೆ ಕಿತ್ತುಕೊಂಡಳು. ಮುತ್ಯಾಲಪ್ಪ ಮಾತ್ರ ಆ ಮಾತನ್ನು ತಳ್ಳಿಹಾಕಲಿಲ್ಲ. ಕವಲಿನಲ್ಲಿ ಒಂದು ನಿಮಿಷ ನಿಂತು ಯಾರನ್ನಾದರೂ ಕೂಗಿದ್ದರೆ ಎಂಬ ಯೋಚನೆ ಅವನ ಊಟವನ್ನೂ ನಿದ್ದೆಯನ್ನೂ ತಿಂದುಹಾಕಿತ್ತು.

ಒಂದು ಭಾನುವಾರ ಭಾರ್ಗವಿ ಹಿಂದೂಪುರಕ್ಕೆ ಬಂದಳು. "ಅಣ್ಣ, ನಮ್ಮ ಲಕ್ಷ್ಮೀಕಾಂತ್ ಸಾರ್ ಹತ್ರ ಹೋಗಾಣ ಬಾ. ಎರಡು ಮೆಷಿನ್ನೂ ಒಟ್ಟಿಗೇ ಕೆಡೋದು ಹೆಂಗೆ ಅಂತ ಕೇಳಾಣ," ಎಂದಳು. ಲಕ್ಷ್ಮೀಕಾಂತ್ ಅವಳಿಗೆ ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಟ್ಟ ಮೇಷ್ಟ್ರು. ಮನೆಯ ಜಗುಲಿಯಲ್ಲಿ ಕೂರಿಸಿ, ನಡೆದದ್ದನ್ನು ಪೂರ್ತಿ ಕೇಳಿಸಿಕೊಂಡರು.

"ಮಿಂಚು ಕಂಡಮೇಲೆ ಗುಡುಗು ಎಷ್ಟು ತಡವಾಗಿ ಕೇಳ್ತು ಅಂತ ನೋಡಿ, ಸಿಡಿಲು ಎಷ್ಟು ದೂರ ಬಿತ್ತು ಅಂತೀವಲ್ಲ ಮುತ್ಯಾಲಪ್ಪ, ಇದೂ ಅದೇ ಲೆಕ್ಕ," ಎಂದು ಶುರುಮಾಡಿದರು. "ಮೇಲೆ ಸುತ್ತೋ ಉಪಗ್ರಹಗಳು ಒಂದೇ ಸಮನೆ ಟೈಮ್ ಹೇಳ್ತಾ ಇರ್ತವೆ. ಆ ಮಾತು ನಿಮ್ಮ ಟ್ಯಾಬಿಗೆ ಮುಟ್ಟೋಕೆ ಹಿಡಿಯೋ ಹೊತ್ತಿನಿಂದ ದೂರ ಗೊತ್ತಾಗುತ್ತೆ. ನಾಲ್ಕು ಉಪಗ್ರಹದ ಮಾತು ಕೇಳಿಸಿದ್ರೆ ನೀವಿರೋ ಜಾಗ ಸಿಗುತ್ತೆ. ಆದರೆ ಬೆಳಕಿನ ಓಟ ಅದು. ಸೆಕೆಂಡಿನ ಸಾವಿರದಲ್ಲೊಂದು ಪಾಲು ಗಡಿಯಾರ ತಪ್ಪಿದ್ರೂ ಮುನ್ನೂರು ಕಿಲೋಮೀಟರ್ ತಪ್ಪಿ ಹೋಗುತ್ತೆ."

"ಅಂಥ ಗಡಿಯಾರ ಯಾವನು ಮಾಡ್ತಾನೆ ಸಾರ್?" ಎಂದ ಮುತ್ಯಾಲಪ್ಪ.

"ಯಾರು ಮಾಡಿದ್ರೂ ಸಾಲಲ್ಲ. ಅದಕ್ಕೇ ಪರಮಾಣುವನ್ನ ಹಿಡ್ಕೊಂಡಿದಾರೆ. ಪರಮಾಣುವಿನ ಒಳಗೆ ಮೆಟ್ಟಿಲು ಇದ್ದಂಗೆ. ಈ ಮೆಟ್ಟಿಲ ಮೇಲಿರಬೇಕು, ಇಲ್ಲ ಆ ಮೆಟ್ಟಿಲ ಮೇಲಿರಬೇಕು. ನಡುವೆ ನಿಲ್ಲೋ ಹಂಗಿಲ್ಲ. ಒಂದರಿಂದ ಇನ್ನೊಂದಕ್ಕೆ ಹತ್ತಬೇಕಾದ್ರೆ ಸರಿಯಾಗಿ ಇಂಥದ್ದೇ ಅಲೆ ಬಂದು ತಟ್ಟಬೇಕು. ಆ ಅಲೆಯ ಏರಿಳಿತ ಎಣಿಸಿದ್ರೆ ಅದೇ ಗಡಿಯಾರ. ಈ ಮೆಟ್ಟಿಲಿನ ಲೆಕ್ಕಕ್ಕೇ ಕ್ವಾಂಟಮ್ ಅಂತಾರೆ. ಇಲ್ಲಿನ ಪರಮಾಣುವೂ ಒಂದೇ, ಅಮೆರಿಕದ ಪರಮಾಣುವೂ ಒಂದೇ, ಅದು ಸವೆಯೋದೂ ಇಲ್ಲ."

ಗಡಿಯಾರ ಅಷ್ಟು ಸರಿಯಿದ್ದ ಮೇಲೆ ತಪ್ಪಿದ್ದು ಎಲ್ಲಿ ಎಂದು ಭಾರ್ಗವಿ ಕೇಳಿದಳು. ತಪ್ಪುವುದು ದಾರಿಯಲ್ಲಿ ಎಂದರು ಮೇಷ್ಟ್ರು. ಇಪ್ಪತ್ತು ಸಾವಿರ ಕಿಲೋಮೀಟರ್ ಮೇಲಿಂದ ಬರುವ ಮಾತು ಇಲ್ಲಿಗೆ ಮುಟ್ಟುವಷ್ಟರಲ್ಲಿ ಪಿಸುಮಾತಿಗಿಂತಲೂ ಕ್ಷೀಣವಾಗಿರುತ್ತದೆ. ಪಕ್ಕದಲ್ಲಿ ಯಾರಾದರೂ ಮೈಕ್ ಹಚ್ಚಿ ಕಿರುಚಿದರೆ ಆ ಪಿಸುಮಾತು ಎಲ್ಲಿ ಕೇಳಬೇಕು? ಹಾಗೆ ಕಿರುಚುವ ಪುಟ್ಟ ಸಾಧನಗಳಿವೆ, ಜ್ಯಾಮರ್ ಅಂತ. ಕಾನೂನಿಗೆ ವಿರುದ್ಧ, ಆದರೂ ಕದ್ದು ಮಾರುತ್ತಾರೆ. ಗಾಡಿಯ ಸಿಗರೇಟ್ ಹಚ್ಚುವ ತೂತಿಗೆ ಸಿಕ್ಕಿಸಿದರೆ ಮಾಲೀಕನಿಗೆ ತನ್ನ ಗಾಡಿ ಎಲ್ಲಿದೆಯೆಂದು ಕಾಣುವುದಿಲ್ಲ. ಸುತ್ತ ಇರುವ ಬೇರೆ ಗಾಡಿಗಳಿಗೂ ತಾವೆಲ್ಲಿದ್ದೇವೆಂದು ಕಾಣುವುದಿಲ್ಲ.

"ಇದಕ್ಕೆ ಮದ್ದಿಲ್ವಾ ಸಾರ್?" ಎಂದಳು ಭಾರ್ಗವಿ.

"ಹುಡುಕ್ತಾ ಇದಾರೆ. ನೀವು ರಾತ್ರಿ ಬಸ್ಸಲ್ಲಿ ಕಣ್ಣು ಮುಚ್ಕೊಂಡು ಕೂತಿದ್ರೂ, ಬಸ್ಸು ವಾಲಿದ್ದು, ಬ್ರೇಕ್ ಹಾಕಿದ್ದು ಮೈಗೇ ಗೊತ್ತಾಗಿ, ಪೆನುಕೊಂಡದ ತಿರುವು ಬಂತು ಅಂತೀರಲ್ಲ? ಆಕಾಶದ ಮಾತು ಕೇಳದೇ ಇದ್ರೂ ಹಂಗೆ ದಾರಿ ಲೆಕ್ಕ ಇಡಬಹುದು. ಮೊಬೈಲಲ್ಲೂ ಅಂಥದ್ದೊಂದು ಚಿಪ್ ಇದೆ. ಆದರೆ ಅದರ ಸಣ್ಣ ಸಣ್ಣ ತಪ್ಪು ಒಂದರ ಮೇಲೊಂದು ಸೇರಿ ಕೊನೆಗೆ ಎಲ್ಲಿಗೋ ಕರ್ಕೊಂಡು ಹೋಗುತ್ತೆ. ಈಗ ಏನು ಮಾಡ್ತಿದಾರೆ ಅಂದ್ರೆ, ಲೇಸರ್ ಬೆಳಕಿನಿಂದ ಪರಮಾಣುಗಳ ಓಡಾಟ ನಿಲ್ಲಿಸಿ, ಹೆಚ್ಚುಕಮ್ಮಿ ಹೆಪ್ಪುಗಟ್ಟಿಸಿದಂಗೆ ಮಾಡಿ, ಕೆಳಗೆ ಬೀಳೋಕೆ ಬಿಡ್ತಾರೆ. ಗಾಡಿ ಎಡಕ್ಕೆ ತಿರುಗಿದ್ರೆ ಆ ಪರಮಾಣುಗಳು ಅದರ ಜೊತೆ ತಿರುಗಲ್ಲ, ತಮ್ಮ ಪಾಡಿಗೆ ಬೀಳ್ತಾ ಇರ್ತವೆ. ಆ ವ್ಯತ್ಯಾಸನ ಬೆಳಕಿನಲ್ಲಿ ಓದಬಹುದು, ಕೂದಲೆಳೆಗಿಂತ ನಯವಾಗಿ. ಅಲ್ಲಿ ತಪ್ಪು ಬೆಳೆಯೋದು ಬಹಳ ನಿಧಾನ. ಯಾರು ಎಷ್ಟು ಕಿರುಚಿದ್ರೂ ಅದಕ್ಕೇನೂ ಆಗಲ್ಲ, ಹೊರಗಿನ ಮಾತೇ ಅದು ಕೇಳಲ್ವಲ್ಲ. ಆಕಾಶದ ಮಾತು ಮತ್ತೆ ಸಿಕ್ಕಾಗ ಎರಡನ್ನೂ ತಾಳೆ ನೋಡ್ಕೊಳ್ಳುತ್ತೆ. ಜೊತೆಗೆ ಗಾಡಿಯಲ್ಲೇ ಒಂದು ಒಳ್ಳೆ ಪರಮಾಣು ಗಡಿಯಾರ ಇದ್ರೆ, ಉಪಗ್ರಹದ ಹೆಸರಲ್ಲಿ ಯಾರಾದ್ರೂ ಸುಳ್ಳು ಸಿಗ್ನಲ್ ಬಿಟ್ರೂ ಟೈಮ್ ತಾಳೆ ಆಗ್ತಿಲ್ಲ ಅಂತ ಹಿಡಿದುಬಿಡುತ್ತೆ."

ಮುತ್ಯಾಲಪ್ಪ ನಡುವೆ ಬಾಯಿ ಹಾಕಿದ. "ಅದು ನಮ್ಮ ಗಾಡೀಲಿ ಇದ್ದಿದ್ರೆ ಆ ಹುಡುಗಿ ಉಳೀತಿತ್ತಾ ಸಾರ್?"

ಲಕ್ಷ್ಮೀಕಾಂತ್ ಹೇಳಿದರು, "ದಾರಿ ತಪ್ತಿರಲಿಲ್ಲ. ಉಳೀತಿದ್ಲು ಅಂತ ನಾನು ಹೆಂಗೆ ಹೇಳಲಿ? ಅದು ಇವತ್ತಿಗೂ ದೊಡ್ಡ ಪೆಟ್ಟಿಗೆ. ಹಡಗಲ್ಲಿ, ವಿಮಾನದಲ್ಲಿ ಇಟ್ಟು ಪರೀಕ್ಷೆ ಮಾಡ್ತಿದಾರೆ. ಮೊದಲು ಮಿಲಿಟರಿಗೆ ಬರುತ್ತೆ. ಕಂಬದೂರಿನ ಆಂಬುಲೆನ್ಸಿಗೆ ಯಾವ ಕಾಲಕ್ಕೋ. ನಿಮ್ಮ ಹತ್ರ ಸುಳ್ಳು ಹೇಳಲಾರೆ."

ವಾಪಸು ಬರುವಾಗ ದಾರಿಯಲ್ಲಿ ಮುತ್ಯಾಲಪ್ಪ ನಿಂತುಬಿಟ್ಟ. "ಆ ಟಿಪ್ಪರ್ ಕಣಮ್ಮ," ಎಂದ. "ಅದು ಗುಡ್ಡದ ಹಿಂದಕ್ಕೆ ಹೋದ್ಮೇಲೇ ಬಾಣ ಬಂದಿದ್ದು. ನಾವು ಹೊರಡೋವಾಗ ಮರದ ಪಕ್ಕದಲ್ಲೇ ನಿಂತಿತ್ತು. ನಮಗಿಂತ ಮುಂಚೆ ಹೊರಡ್ತು."

ಮಾರನೆಯ ದಿನದಿಂದ ಅವನು ಕಲ್ಯಾಣದುರ್ಗದ ಆ ಬೇವಿನ ಮರದ ಎದುರು ಟೀ ಅಂಗಡಿಯಲ್ಲಿ ಕೂರತೊಡಗಿದ. ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಮ್ಯಾಪು. ವಾರ ತುಂಬುವ ಮೊದಲೇ ಟಿಪ್ಪರ್ ಬಂತು. ಅದು ಹತ್ತಿರವಾಗುತ್ತಿದ್ದಂತೆ ಮೊಬೈಲಿನ ನೀಲಿ ಚುಕ್ಕೆ ನಡುಗಿ, ಊರಾಚೆ ಎಲ್ಲೋ ಹಾರಿ, ಮಂಕಾಯಿತು. ಬಾಗಿಲು ತೆಗೆದು ಇಳಿದವನು ಮೂವತ್ತು ದಾಟದ ಒಬ್ಬ ಡ್ರೈವರ್, ಕೈಯಲ್ಲಿ ಊಟದ ಕ್ಯಾರಿಯರ್. ನೇರವಾಗಿ ಆಸ್ಪತ್ರೆಯೊಳಗೆ ಹೋದ. ಅವನು ತಿರುಗಿ ಬಂದಾಗ ಮುತ್ಯಾಲಪ್ಪ ಟಿಪ್ಪರಿನ ಮೆಟ್ಟಿಲ ಬಳಿ ನಿಂತಿದ್ದ.

"ಏನಪ್ಪ ಹೆಸ್ರು?"

"ದಯಾನಂದ್. ಯಾಕಣ್ಣ?"

"ಒಳಗೆ ಏನೋ ಸಿಕ್ಕಿಸಿದ್ದೀಯಲ್ಲ, ಅದು ತೋರ್ಸು."

ಇವನು ಓನರ್ ಕಡೆಯವನು ಎಂದುಕೊಂಡ ದಯಾನಂದ್. "ಅಣ್ಣಾ, ಅಮ್ಮ ಒಳಗೈತೆ, ಕಿಡ್ನಿ ಕೆಟ್ಟೋಗೈತೆ. ಗಾಡಿ ಊರೊಳಕ್ಕೆ ತಿರುಗ್ತು ಅಂದ್ರೆ ಫೋನ್ ಮಾಡ್ಬುಟ್ಟು ಬಾಯಿಗೆ ಬಂದಂಗೆ ಬೈತಾರೆ, ಕೆಲ್ಸದಿಂದ ತೆಗೀತೀನಿ ಅಂತಾರೆ. ಒಂದು ತುತ್ತು ಉಣ್ಸಿ ಹೋಯ್ತೀನಿ ಅಂತ ಹಾಕ್ಕೊಂಡೆ. ಕ್ರಷರ್ ಮುಟ್ಟೋವರ್ಗೂ ಅಷ್ಟೇ, ಆಮೇಲೆ ತೆಗೀತೀನಿ."

ಮುತ್ಯಾಲಪ್ಪ ಬಯ್ಯಲೆಂದೇ ಬಂದಿದ್ದ, ಹೊಡೆಯಲೂ ಬಹುದಿತ್ತು. ಬಾಯಿಂದ ಬಂದದ್ದು ಬೇರೆ. ಹರಿತಾಳ ವಿಷಯವನ್ನು ಮೊದಲಿಂದ ಕೊನೆಯವರೆಗೆ ದನಿ ಏರಿಸದೆ ಹೇಳಿದ. ದಯಾನಂದ್ ಕ್ಯಾರಿಯರನ್ನು ನೆಲಕ್ಕಿಟ್ಟು ಟಿಪ್ಪರಿನ ಚಕ್ರದ ಪಕ್ಕ ಕೂತ. ಹಿಂದೆ ಸೈರನ್ ಕೇಳಿದ್ದು ಅವನಿಗೆ ನೆನಪಿತ್ತು. ದಾರಿ ಬಿಡಬೇಕಿತ್ತು, ರಸ್ತೆ ಕಿರಿದಾಗಿತ್ತು, ಬಿಟ್ಟಿರಲಿಲ್ಲ.

"ನಂಗೆ ಗೊತ್ತಿರ್ಲಿಲ್ಲ ಕಣಣ್ಣ. ನಮ್ಮಮ್ಮನ ಮೇಲಾಣೆ. ನನ್ನ ಗಾಡಿ ಒಂದೇ ಕಾಣ್ದಂಗೆ ಆಗ್ತದೆ ಅಂದಿದ್ರು."

"ಗೊತ್ತಿರ್ಲಿಲ್ಲ ಅಂತ ನಂಗೂ ಗೊತ್ತು. ಆದ್ರೆ ನಾನು ಹೇಳ್ಬೇಕು ದಯಾನಂದ. ಇನ್ನೊಂದು ಗಾಡಿ ಹಿಂಗೇ ನಿಂತ್ರೆ?"

"ಹೇಳಿದ್ರೆ ನಮ್ಮಮ್ಮಂಗೆ ಯಾರಣ್ಣ ಗತಿ?"

ಆದರೂ ಮುತ್ಯಾಲಪ್ಪ ಪೊಲೀಸರ ಹತ್ತಿರ ಹೋಗಿ ಹೇಳಿದ. ಭಾರ್ಗವಿಯೂ ಬಂದು ಸ್ಟೇಷನ್ನಿನಲ್ಲಿ ಹೇಳಿಕೆ ಕೊಟ್ಟಳು, ಲಕ್ಷ್ಮೀಕಾಂತರು ಬಂದು ವಿವರಿಸಿದರು. ಪೊಲೀಸರು ಟಿಪ್ಪರಿನಿಂದ ಹೆಬ್ಬೆರಳಿನಷ್ಟು ಗಾತ್ರದ ಆ ಕರಿಯ ಸಾಧನವನ್ನು ತೆಗೆದರು. ದಯಾನಂದನನ್ನು ಕರೆದೊಯ್ದರು. ಟಿಪ್ಪರಿನ ಮಾಲೀಕ ಇನ್ನೊಬ್ಬ ಡ್ರೈವರನ್ನು ಇಟ್ಟುಕೊಂಡ, ಆ ಮಾಲೀಕನನ್ನು ಯಾರೂ ಏನೂ ಕೇಳಲಿಲ್ಲ. ಜ್ಯಾಮರನ್ನು ದಯಾನಂದನಿಗೆ ಮಾರಿದವನು ಯಾರೆಂಬುದು ಕೊನೆಗೂ ತಿಳಿಯಲಿಲ್ಲ.

ದಯಾನಂದ್ ಹೊರಗೆ ಬರುವವರೆಗೆ ಅವನ ತಾಯಿ ಓಬಮ್ಮನಿಗೆ ಊಟ ತೆಗೆದುಕೊಂಡು ಹೋದವನು ಮುತ್ಯಾಲಪ್ಪನೇ. ಟೀ ಅಂಗಡಿಯವನ ಮನೆಯಲ್ಲಿ ಉಪ್ಪಿಲ್ಲದ ಗಂಜಿ ಮಾಡಿಸಿಕೊಂಡು ಹೋಗುತ್ತಿದ್ದ. ಓಬಮ್ಮ ಅವನನ್ನು ಮಗನ ಸ್ನೇಹಿತನೆಂದೇ ತಿಳಿದಿದ್ದಳು. "ನನ್ಮಗ ಯಾಕೆ ಬರ್ಲಿಲ್ಲ?" ಎಂದು ದಿನವೂ ಕೇಳುವಳು. "ಲಾಂಗ್ ಟ್ರಿಪ್ ಹೋಗವ್ನೆ ಅಮ್ಮ," ಎನ್ನುವನು. ಮಗ ಜಾಮೀನಿನ ಮೇಲೆ ಬಂದ ದಿನ ಆಕೆಗೆ ಗುರುತು ಹಿಡಿಯುವಷ್ಟು ಎಚ್ಚರವಿರಲಿಲ್ಲ. ಅದಾದ ಮೇಲೆ ಹೆಚ್ಚು ದಿನ ಉಳಿಯಲೂ ಇಲ್ಲ. ಮಣ್ಣು ಮಾಡುವಾಗ ಮುತ್ಯಾಲಪ್ಪ ದೂರದಲ್ಲಿ ನಿಂತಿದ್ದ. ದಯಾನಂದ್ ಅವನನ್ನು ಹತ್ತಿರಕ್ಕೆ ಕರೆಯಲಿಲ್ಲ, ಹೋಗೆಂದೂ ಹೇಳಲಿಲ್ಲ.

ಕಂಪನಿ ಮುತ್ಯಾಲಪ್ಪನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಂಡಿತು. ಹಿಂದೂಪುರಕ್ಕೇ ಹಾಕಿಕೊಡುತ್ತೇವೆ ಎಂದಿತು. ತಪ್ಪಾಯಿತು ಎಂದು ಮಾತ್ರ ಯಾರೂ ಹೇಳಲಿಲ್ಲ.

ಕೆಲಸಕ್ಕೆ ಸೇರುವ ಮೊದಲು ಅವನು ಹಟ್ಟಿಗೆ ಹೋದ. ಕವಲಿನಲ್ಲಿ ಬಲಕ್ಕೆ ತಿರುಗಿದರೆ ಹಟ್ಟಿ ಎಷ್ಟು ಹತ್ತಿರ ಎಂಬುದು ಅವನಿಗೆ ಆಗ ಗೊತ್ತಾಯಿತು. ಪಾಪಯ್ಯ ಜಗುಲಿಯ ಮೇಲಿದ್ದ, ಏಳಲಿಲ್ಲ. ಕೂರು ಎಂದು ಗದ್ದದಿಂದ ಸನ್ನೆ ಮಾಡಿದ. ಮುತ್ಯಾಲಪ್ಪ ಟಿಪ್ಪರಿನ ವಿಷಯ, ಜ್ಯಾಮರಿನ ವಿಷಯ ಹೇಳಿದ. ಮುಂದೆ ಯಾವತ್ತೋ ಬರುವ ಪರಮಾಣು ಪೆಟ್ಟಿಗೆಯ ವಿಷಯ ಬಾಯಿತುದಿಗೆ ಬಂದರೂ ಹೇಳಲಿಲ್ಲ.

"ಪೊಲೀಸ್ನೋರು ಹೇಳವ್ರೆ," ಎಂದ ಪಾಪಯ್ಯ. "ನಿಂದು ತಪ್ಪಿಲ್ಲ ಅಂತಂದ್ರು. ಸರಿ. ಯಾರ ಮೇಲೆ ಸಿಟ್ಟು ಮಾಡ್ಕಳಾದು ಅಂತಾನೂ ಇಲ್ದಂಗೆ ಮಾಡ್ಬುಟ್ರಲ್ಲಪ್ಪ."

ಹರಿತಾಳ ತಾಯಿ ಸರ್ವಮಂಗಳಮ್ಮ ನೀರಿನ ಚೊಂಬು ತಂದಿಟ್ಟು ಬಾಗಿಲಿಗೆ ಒರಗಿ ನಿಂತಳು. ಅವತ್ತು ಅವಸರದಲ್ಲಿ ಆಕೆಯನ್ನು ಗಾಡಿಗೆ ಹತ್ತಿಸಿಕೊಂಡಿರಲಿಲ್ಲ, ಗಂಡನೂ ಬೈಕಿನಲ್ಲೇ ಹಿಂದೆ ಬಂದಿದ್ದ.

"ಗಾಡೀಲಿ ಏನಾದ್ರೂ ಮಾತಾಡ್ತಾ ಮಗು?"

ಮುತ್ಯಾಲಪ್ಪನಿಗೆ ಎಲ್ಲವೂ ಕೇಳಿಸಿತ್ತು. ಡ್ರೈವರನ ಬೆನ್ನ ಹಿಂದಿನ ಸಣ್ಣ ಕಿಟಕಿ ತೆರೆದೇ ಇತ್ತು. "ಮಾತಾಡ್ತು ಕಣಮ್ಮ. ಸೋಮವಾರ ಡ್ಯೂಟಿಗೆ ಬರಕ್ಕಾಗಲ್ಲ, ನಮ್ಮ ಸೂಪರ್‌ವೈಸರ್‌ಗೆ ಹೇಳ್ಬುಡಿ ಅಂತು. ಎರಡು ಸತಿ ಅಂತು. ಆಮೇಲೆ ಮಾತು ನಿಂತೋಯ್ತು."

"ಹೇಳಿದ್ರಾ?"

"ಇಲ್ಲಮ್ಮ."

"ಹೇಳ್ಬುಡಪ್ಪ," ಎಂದಳು ಸರ್ವಮಂಗಳಮ್ಮ. "ಅವಳ ಮಾತು ಅದು."

ಹಿಂದೂಪುರಕ್ಕೆ ಬಂದ ಮುತ್ಯಾಲಪ್ಪ ಮನೆಗೆ ಹೋಗದೆ ಗಾರ್ಮೆಂಟ್ಸಿನ ಗೇಟಿಗೆ ಹೋದ. ಸಾಯಂಕಾಲ ಶಿಫ್ಟ್ ಬಿಡುವ ಹೊತ್ತು. ಹೆಂಗಸರು ಗುಂಪುಗುಂಪಾಗಿ ಹೊರಬಂದು ಆಟೋಗಳಿಗೆ ಹತ್ತುತ್ತಿದ್ದರು. ಕಾವಲಿನವನು ಯಾರನ್ನೋ ಕೇಳಿ ಉಮಾದೇವಿ ಎಂಬ ಸೂಪರ್‌ವೈಸರನ್ನು ಕರೆದ.

"ಹರಿತಾನಾ? ಕಂಬದೂರು ಕಡೆಯವಳು?" ಎಂದಳು ಉಮಾದೇವಿ. "ಹೇಳ್ದೇ ಕೇಳ್ದೇ ಬಿಟ್ಟೋದ್ಲು. ಅವಳ ಮಿಷಿನ್ನಿಗೆ ಬೇರೆಯೋಳು ಬಂದು ಬಾಳ ದಿನ ಆಯ್ತಲ್ಲ. ನೀನು ಯಾರಣ್ಣ ಅವಳಿಗೆ?"

"ಯಾರೂ ಅಲ್ಲಮ್ಮ. ಹೇಳ್ದೇ ಬಿಡ್ಲಿಲ್ಲ ಅವಳು. ಹೇಳು ಅಂತ ನಂಗೆ ಹೇಳಿದ್ಲು, ನಾನು ತಡ ಮಾಡಿದ್ದು," ಎಂದ ಮುತ್ಯಾಲಪ್ಪ. ಆಮೇಲೆ, ಗೇಟಿನ ಕಂಬಿ ಹಿಡಿದುಕೊಂಡು, ಉಳಿದದ್ದನ್ನೂ ಹೇಳಿದ.